ಪಟ್ಟ ಸಿಗದ ಹೆವಿವೇಟ್‌ಗಳಲ್ಲಿ ಯಾರ ಗೆಲುವು ದೊಡ್ಡದು?

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತೇವೆ. ದಾರಿಯುದ್ದಕ್ಕೂ ಮೊಬೈಲ್‌ನಲ್ಲಿ ಹಳೇ ಬಾಕ್ಸಿಂಗ್ ಪಂದ್ಯ ನೋಡೋದು, ವಾದ ಮಾಡೋದು. 1970ರ ದಶಕದಲ್ಲಿ ವಿಶ್ವ ಪಟ್ಟ ಸಿಗದೇ ಹೋದ ಹೆವಿವೇಟ್‌ಗಳಲ್ಲಿ ಅರ್ನಿ ಶೇವರ್ಸ್ ಗೆಲುವುಗಳೇ ದೊಡ್ಡವು ಅಂತ ಅವನು, ಜೆರ್ರಿ ಕ್ವಾರಿಯವು ಅಂತ ನಾನು. ನೀವೇ ಹೇಳಿ.
– ಓದುಗರೊಬ್ಬರು, ಧಾರವಾಡ

ಉತ್ತರ: ನನ್ನ ಓಟು ಕ್ವಾರಿಗೆ. ಆದರೆ ಒಂದೇ ಒಂದು ಗೆಲುವು ಆರಿಸು ಅಂದರೆ ನಾನು ಹೇಳುವ ಹೆಸರು ನಿಮ್ಮಿಬ್ಬರ ವಾದದಲ್ಲೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗೆಲುವನ್ನು ತೂಗುವುದು ಹೇಗೆ ಅಂತ ನೋಡೋಣ. ಯಾರನ್ನು ಸೋಲಿಸಿದರು ಅನ್ನುವಷ್ಟೇ, ಯಾವಾಗ ಸೋಲಿಸಿದರು ಅನ್ನುವುದೂ ಮುಖ್ಯ. ಪಟ್ಟ ಸಿಗದ ಇನ್ನೊಬ್ಬರು, ಜೆರ್ರಿ ಕೂನಿಯವರನ್ನೇ ತೆಗೆದುಕೊಳ್ಳಿ. 1980ರ ಮೇ ತಿಂಗಳಿಂದ ಒಂದು ವರ್ಷದೊಳಗೆ ಜಿಮ್ಮಿ ಯಂಗ್, ರಾನ್ ಲೈಲ್, ಕೆನ್ ನಾರ್ಟನ್ ಮೂವರನ್ನೂ ಹೊಡೆದು ಹಾಕಿದರು. ನಾರ್ಟನ್ ಪಂದ್ಯ ಮುಗಿಯಲು ಬೇಕಾಗಿದ್ದು ಬರೀ 54 ಸೆಕೆಂಡ್. ಹೆಸರು ನೋಡಿದರೆ ಇಷ್ಟು ದೊಡ್ಡ ಪಟ್ಟಿ ಇನ್ಯಾರಿಗೂ ಇಲ್ಲ. ಆದರೆ ಆಗ ಲೈಲ್‌ಗೆ 39 ವರ್ಷ, ನಾರ್ಟನ್‌ಗೆ 37. ಯಂಗ್ ವಯಸ್ಸಿನಲ್ಲಿ ಚಿಕ್ಕವರಾದರೂ ಅವರ ಒಳ್ಳೆಯ ದಿನಗಳು ಕಳೆದುಹೋಗಿದ್ದವು. ಕೂನಿಯವರ ಎಡಗೈ ಹುಕ್ (ತೋಳು ಮಡಚಿ ಪಕ್ಕದಿಂದ ಬೀಸುವ ಹೊಡೆತ) ನಿಜಕ್ಕೂ ಭಯಂಕರ. 1982ರಲ್ಲಿ ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಎದುರು 13ನೇ ಸುತ್ತಿನವರೆಗೆ ನಿಂತರು, ಸುಮ್ನೆ ಬಂದವರಲ್ಲ. ಆದರೂ ಆ ಮೂರು ಗೆಲುವುಗಳಿಗೆ ನಾನು ಪೂರ್ತಿ ಅಂಕ ಕೊಡಲಾರೆ.

ಈಗ ನಿಮ್ಮ ಗೆಳೆಯರ ಶೇವರ್ಸ್. ಅವರ ದೊಡ್ಡ ಗೆಲುವು 1979ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಸಿಕ್ಕಿತು. ನಾರ್ಟನ್ ಮೊದಲ ಸುತ್ತಿನಲ್ಲೇ ಮುಗಿದರು. ಕೂನಿ ಹೊಡೆದ ನಾರ್ಟನ್‌ಗೂ ಈ ನಾರ್ಟನ್‌ಗೂ ತುಂಬಾ ವ್ಯತ್ಯಾಸವಿದೆ. ಇದಕ್ಕೆ ಒಂಬತ್ತು ತಿಂಗಳ ಹಿಂದಷ್ಟೇ ಅವರು ಹೋಮ್ಸ್ ಜೊತೆ 15 ಸುತ್ತು ಸಮಸಮ ಕಾದಾಡಿ, ಕೂದಲೆಳೆಯಲ್ಲಿ ಸೋತಿದ್ದರು. ಹಾಗಾಗಿ ಶೇವರ್ಸ್ ಗೆಲುವಿಗೆ ತೂಕ ಇದೆ. ಒಂದು ಮಾತು ಮಾತ್ರ ಸೇರಿಸಬೇಕು. ಮುಂದೆ ಮುಂದೆ ನುಗ್ಗಿ ಬರುವ ಭಾರೀ ಹೊಡೆತಗಾರರ ಎದುರು ನಾರ್ಟನ್ ಯಾವಾಗಲೂ ತಡವರಿಸುತ್ತಿದ್ದರು. 1974ರಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಕೂಡ ಅವರನ್ನು ಎರಡೇ ಸುತ್ತಿನಲ್ಲಿ ಮುಗಿಸಿದ್ದರು. 1973ರಲ್ಲಿ ಮಾಜಿ ಚಾಂಪಿಯನ್ ಜಿಮ್ಮಿ ಎಲ್ಲಿಸ್ ಅವರನ್ನು ಒಂದೇ ಸುತ್ತಿನಲ್ಲಿ ಕೆಡವಿದ್ದು ಶೇವರ್ಸ್‌ರ ಇನ್ನೊಂದು ಒಳ್ಳೆಯ ಗೆಲುವು. ಮಿಕ್ಕಂತೆ ಜನ ಅವರನ್ನು ನೆನೆಯುವುದು ಸೋತ ಪಂದ್ಯಗಳಿಗೇ ಜಾಸ್ತಿ. 1977ರಲ್ಲಿ ಮುಹಮ್ಮದ್ ಅಲಿಯವರನ್ನು 15 ಸುತ್ತು ಕಾಡಿದರು, 1979ರಲ್ಲಿ ಹೋಮ್ಸ್‌ರನ್ನು ನೆಲಕ್ಕೆ ಉರುಳಿಸಿದರು. ಎರಡನ್ನೂ ಸೋತರು.

ಕ್ವಾರಿಯವರದು ಬೇರೆ ಕಥೆ. ಎತ್ತರ 6 ಅಡಿ, ತೂಕ ಸುಮಾರು 90 ಕೆಜಿ. ಇವತ್ತಿನ ಲೆಕ್ಕದಲ್ಲಿ ಹೆವಿವೇಟ್ ಆಗುವುದೇ ಕಷ್ಟ. ಮುಖದ ಚರ್ಮ ಬೇಗ ಹರಿಯುತ್ತಿತ್ತು. 1970ರಲ್ಲಿ ಅಲಿ ಎದುರಿನ ಪಂದ್ಯ ಮೂರೇ ಸುತ್ತಿಗೆ ನಿಂತಿದ್ದು ಹುಬ್ಬಿನ ಮೇಲಿನ ಗಾಯದಿಂದ. ಆದರೆ ಅವರು ಯಾರನ್ನು ಗೆದ್ದರು ನೋಡಿ. 1967ರಲ್ಲಿ ಮಾಜಿ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್, 1969ರಲ್ಲಿ ಬಸ್ಟರ್ ಮ್ಯಾಥಿಸ್. 1970ರಲ್ಲಿ ಮ್ಯಾಕ್ ಫೋಸ್ಟರ್. ಆಡಿದ 24 ಪಂದ್ಯಗಳನ್ನೂ ನಾಕೌಟ್‌ನಲ್ಲೇ ಗೆದ್ದು ಬಂದಿದ್ದವರು, ಕ್ವಾರಿ ಎದುರು ಆರನೇ ಸುತ್ತಿನಲ್ಲಿ ಮಲಗಿದರು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1973. ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾನ್ ಲೈಲ್ ಎದುರಾದರು. 19 ಪಂದ್ಯ, 19 ಗೆಲುವು, 6 ಅಡಿ 3 ಇಂಚಿನ ಆಳು. ಎದುರಾಳಿ ಹೊಡೆಯಲಿ ಅಂತ ಕಾದು, ಆ ಹೊಡೆತದ ಒಳಗೇ ನುಗ್ಗಿ ಎಡಗೈ ಹುಕ್ ಕೊಡುವುದು ಕ್ವಾರಿ ರೀತಿ. ಲೈಲ್ ಹೊಡೆದಷ್ಟೂ ಅವರಿಗೆ ದಾರಿ ಸಿಗುತ್ತಿತ್ತು. 12 ಸುತ್ತು ಆದ ಮೇಲೆ ಅಂಕ ಕೊಟ್ಟವರೆಲ್ಲರೂ ಕ್ವಾರಿ ಕಡೆಗೇ. ಅದೇ ಡಿಸೆಂಬರ್‌ನಲ್ಲಿ, ಅದೇ ಜಾಗದಲ್ಲಿ ಶೇವರ್ಸ್ ಬಂದರು. ಎಲ್ಲಿಸ್‌ರನ್ನು ಕೆಡವಿ ಆರು ತಿಂಗಳಾಗಿತ್ತು, ಅವರ ಹೆಸರು ಕೇಳಿದರೆ ಜನ ಹೆದರುತ್ತಿದ್ದ ಸಮಯ. ಕ್ವಾರಿ ಒಂದೇ ಸುತ್ತಿನಲ್ಲಿ ಮುಗಿಸಿದರು.

ಸೋತ ಈ ಇಬ್ಬರೂ ಮುಂದೆ ಏನು ಮಾಡಿದರು ಅನ್ನುವುದನ್ನೂ ನೋಡಬೇಕು, ಅಲ್ವಾ? ಲೈಲ್ 1975ರಲ್ಲಿ ಅಲಿಯವರನ್ನು 11ನೇ ಸುತ್ತಿನವರೆಗೆ ಎಳೆದರು. ಮುಂದಿನ ವರ್ಷ ಫೋರ್‌ಮನ್‌ರನ್ನು ಒಂದೇ ಸುತ್ತಿನಲ್ಲಿ ಎರಡು ಸಲ ನೆಲಕ್ಕೆ ಬೀಳಿಸಿ, ಆಮೇಲೆ ತಾವೇ ಸೋತರು. ಶೇವರ್ಸ್ ಸಂಗತಿ ಮೇಲೆ ಹೇಳಿದೆ. ಅಂದರೆ ಕ್ವಾರಿ ಅವರಿಬ್ಬರನ್ನು ಗೆದ್ದಿದ್ದು ಅವರ ಏರುಗಾಲದಲ್ಲಿ, ಇಳಿಗಾಲದಲ್ಲಲ್ಲ. ಅದಕ್ಕೇ ಒಟ್ಟು ಗೆಲುವುಗಳ ಲೆಕ್ಕದಲ್ಲಿ ಕ್ವಾರಿ ಮುಂದೆ. ಈ ಗೆಲುವುಗಳಿಗಾಗಿ ಅವರು ತೆತ್ತ ಬೆಲೆಯೂ ದೊಡ್ಡದು. ತಲೆಗೆ ಬಿದ್ದ ಹೊಡೆತಗಳಿಂದ ಮಿದುಳು ಹಾಳಾಗಿ, ಕೊನೆಗೆ ಊಟ ಮಾಡಲು, ಬಟ್ಟೆ ಹಾಕಿಕೊಳ್ಳಲೂ ಬೇರೆಯವರು ಬೇಕಾಯಿತು. 1999ರಲ್ಲಿ ತೀರಿಕೊಂಡಾಗ 53 ವರ್ಷ. ನನ್ನ ಹತ್ತಿರ ಕಲಿಯುವ ಹುಡುಗರು ತಲೆಗವಸು ಬೇಡ ಅಂತ ಹಟ ಹಿಡಿದಾಗೆಲ್ಲ ನಾನು ಇವರ ಕಥೆ ಹೇಳುತ್ತೇನೆ.

ಇನ್ನು ಆ ಒಂದೇ ಗೆಲುವು. 1977ರ ಮಾರ್ಚ್ 17, ಪೋರ್ಟೊ ರಿಕೊದ ಸ್ಯಾನ್ ವಾನ್. ಜಿಮ್ಮಿ ಯಂಗ್ ಎದುರು ಜಾರ್ಜ್ ಫೋರ್‌ಮನ್. ಫೋರ್‌ಮನ್ ಆಗ 45 ಗೆದ್ದು, ಅಲಿಯೊಬ್ಬರಿಗೆ ಮಾತ್ರ ಸೋತಿದ್ದರು. ಯಂಗ್ ಕೈಯಲ್ಲಿ ಅಂಥ ಹೊಡೆತ ಇರಲಿಲ್ಲ. ತಲೆ ತಪ್ಪಿಸುವುದು, ಅಪ್ಪಿ ಹಿಡಿಯುವುದು, ಎದುರಾಳಿ ಸುಸ್ತಾದಾಗ ಚಿಕ್ಕ ಚಿಕ್ಕ ಹೊಡೆತ ಕೂಡಿಸುವುದು, ಇಷ್ಟೇ ಬಂಡವಾಳ. 7ನೇ ಸುತ್ತಿನಲ್ಲಿ ಫೋರ್‌ಮನ್ ಎಡಗೈ ತಗುಲಿ ಯಂಗ್ ಕಾಲು ಕುಸಿಯುವಂತಾಯಿತು. ಪಂದ್ಯ ಮುಗಿಯಿತು ಅಂತಲೇ ಅನ್ನಿಸುತ್ತದೆ. ಹೇಗೋ ತಡೆದುಕೊಂಡರು. ಅಲ್ಲಿಂದ ಫೋರ್‌ಮನ್ ತೋಳು ಭಾರವಾಗುತ್ತಾ ಹೋದವು. 12ನೇ, ಅಂದರೆ ಕೊನೆಯ ಸುತ್ತಿನಲ್ಲಿ ಯಂಗ್ ಬಲಗೈ ಹೊಡೆತಕ್ಕೆ ಫೋರ್‌ಮನ್ ಮಂಡಿ ನೆಲಕ್ಕೆ ತಾಗಿತು. ತಕ್ಷಣ ಎದ್ದರು, ಆದರೆ ಪಂದ್ಯ ಕೈಬಿಟ್ಟಿತ್ತು. ಆ ರಾತ್ರಿ ಡ್ರೆಸ್ಸಿಂಗ್ ರೂಮಿನಲ್ಲಿ ದೇವರ ಅನುಭವ ಆಯಿತು ಅಂತ ಹೇಳಿಕೊಂಡ ಫೋರ್‌ಮನ್ ಬಾಕ್ಸಿಂಗ್ ಬಿಟ್ಟು ಧರ್ಮ ಪ್ರಚಾರಕ್ಕೆ ಹೋದರು. ಹತ್ತು ವರ್ಷ ರಿಂಗ್‌ಗೆ ಇಳಿಯಲಿಲ್ಲ. ಮರಳಿ ಬಂದು, 1994ರಲ್ಲಿ 45ನೇ ವಯಸ್ಸಿಗೆ ಮತ್ತೆ ಚಾಂಪಿಯನ್ ಆದರು. ಅಂಥವರನ್ನು 28ನೇ ವಯಸ್ಸಿನಲ್ಲಿ ಸೋಲಿಸಿದ ಈ ಗೆಲುವಿನ ಪಕ್ಕ ನಾನು ಬೇರೆ ಯಾವುದನ್ನೂ ಇಡಲಾರೆ.

ಪ್ರಶ್ನೆ: ನಾವು ಮಣ್ಣಿನ ಕುಸ್ತಿಯವರು. ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಗೆಲುವು, ಇಲ್ಲಾಂದ್ರೆ ಇಲ್ಲ. ಬಾಕ್ಸಿಂಗ್‌ನಲ್ಲಿ ಅಂಕದ ಗೆಲುವನ್ನು ನಾಕೌಟ್‌ಗೆ ಸಮ ಅನ್ನಬಹುದಾ?
– ಪೈಲ್ವಾನರೊಬ್ಬರು, ಹಾವೇರಿ

ಉತ್ತರ: ಎಷ್ಟೋ ಸಲ ಹೆಚ್ಚೇ ಅನ್ನಬಹುದು. ಚಿತ್ ಮಾಡಲು ಒಂದು ಪಟ್ಟು ಸರಿಯಾಗಿ ಕೂತರೆ ಸಾಕು ಅಂತ ನಿಮಗೇ ಗೊತ್ತು. ನಾಕೌಟೂ ಹಾಗೆಯೇ. ಅಂಕದಲ್ಲಿ ಗೆಲ್ಲಬೇಕಾದರೆ ಪ್ರತಿ ಮೂರು ನಿಮಿಷವನ್ನೂ ಬೇರೆ ಬೇರೆಯಾಗಿ ಗೆಲ್ಲಬೇಕು, ಉಸಿರು ಉಳಿಸಿಕೊಳ್ಳಬೇಕು. ಫೋರ್‌ಮನ್ ಥರದವರ ಎದುರು 36 ನಿಮಿಷ ಎಚ್ಚರ ತಪ್ಪದೆ ಇರುವುದು ಸುಲಭವಲ್ಲ.

ಪ್ರಶ್ನೆ: 1973ರಲ್ಲಿ ಕೆನ್ ನಾರ್ಟನ್ ಅಲಿಯವರ ದವಡೆ ಮುರಿದು ಗೆದ್ದರಲ್ಲ? ಅದಕ್ಕಿಂತ ದೊಡ್ಡ ಗೆಲುವು ಯಾವುದಿದೆ?
– ವಿದ್ಯಾರ್ಥಿನಿಯೊಬ್ಬರು, ಗದಗ

ಉತ್ತರ: ಗೆಲುವು ಅಂತ ನೋಡಿದರೆ ಅದು ಯಂಗ್ ಗೆಲುವಿಗಿಂತಲೂ ಒಂದು ಕೈ ಮೇಲು. ಆದರೆ ನಾರ್ಟನ್ ಪಟ್ಟ ಸಿಗದವರಲ್ಲ. 1978ರಲ್ಲಿ, ವಿಶ್ವ ಪಟ್ಟ ಕೊಡುವ ಡಬ್ಲ್ಯುಬಿಸಿ ಸಂಸ್ಥೆ ಆಗಿನ ಚಾಂಪಿಯನ್ ಲಿಯಾನ್ ಸ್ಪಿಂಕ್ಸ್‌ರಿಂದ ಬೆಲ್ಟ್ ಕಿತ್ತು ನಾರ್ಟನ್‌ಗೆ ಕೊಟ್ಟಿತು. ಅದಕ್ಕೆ ಆಧಾರವಾಗಿದ್ದು 1977ರ ನವೆಂಬರ್‌ನಲ್ಲಿ ನಾರ್ಟನ್ ಗೆದ್ದಿದ್ದ 15 ಸುತ್ತಿನ ಒಂದು ಪಂದ್ಯ. ಅಲ್ಲಿ ಇಬ್ಬರು ಜಡ್ಜ್‌ಗಳು ನಾರ್ಟನ್ ಕಡೆ, ಒಬ್ಬರು ಎದುರಾಳಿ ಕಡೆ ಇದ್ದರು. ಆ ಎದುರಾಳಿ ಜಿಮ್ಮಿ ಯಂಗ್.