ಕೌಂಟರಿನಲ್ಲಿ ಒಂದು ಮಾತು ಕೇಳು

ಇನ್ಶೂರೆನ್ಸ್ ಇದ್ದರೂ ಕೊಲೆಸ್ಟ್ರಾಲ್ ಮಾತ್ರೆಗೆ ಕೈಯಿಂದ ಎಷ್ಟು ಬೀಳುತ್ತೆ, ಇಲ್ಲಾ ಅರಸೀಕೆರೆಯಿಂದಲೇ ವರ್ಷಕ್ಕಾಗುವಷ್ಟು ತರಿಸಿಕೊಳ್ಳಲಾ ಅಂತ ಕೇಳಿದ್ದೀಯ. ನ್ಯೂಜೆರ್ಸಿಗೆ ಬಂದು ಎರಡೇ ತಿಂಗಳು, ಭಯ ಸಹಜ. ಅಕ್ಕ ಅಂತ ಕರೆದಿದ್ದೀಯ, ಸ್ವಂತ ಅಕ್ಕನ ಹಾಗೇ ಹೇಳುತ್ತೇನೆ.

ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳೆರಡೂ ಈಗ ಜೆನೆರಿಕ್‌ನಲ್ಲಿ, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಅದೇ ಔಷಧಿಯಾಗಿ ಅಗ್ಗಕ್ಕೆ, ಸಿಗುತ್ತವೆ. ಹೆಚ್ಚಿನ ಇನ್ಶೂರೆನ್ಸ್ ಪ್ಲಾನ್‌ಗಳಲ್ಲಿ ಕೋಪೇ, ಅಂದರೆ ನಮ್ಮ ಪಾಲಿನ ದುಡ್ಡು, ತಿಂಗಳಿಗೆ ಕೆಲವೇ ಡಾಲರ್. 40ರಿಂದ 75 ವಯಸ್ಸಿನವರಿಗೆ, ಹೃದಯದ ಅಪಾಯ ಜಾಸ್ತಿ ಅಂತ ಡಾಕ್ಟರು ಲೆಕ್ಕ ಹಾಕಿದ್ದರೆ, ಬಹಳಷ್ಟು ಪ್ಲಾನ್‌ಗಳು ಮಾತ್ರೆಯ ಪೂರ್ತಿ ಖರ್ಚು ತಾವೇ ಕೊಡಬೇಕು ಅಂತ ಕಾನೂನೇ ಇದೆ. ನಿನಗಿನ್ನೂ 34, ಅದು ಬಿಡು. ಕೊಲೆಸ್ಟ್ರಾಲ್‌ಗೆ ಕೊಡುವ ಇಂಜೆಕ್ಷನ್ ಲೆಕ್ಕವೇ ಬೇರೆ. 2018ರಲ್ಲಿ ಬೆಲೆ ಇಳಿಸಿದ ಮೇಲೂ ರೆಪಾಥಾ ಅನ್ನುವ ಇಂಜೆಕ್ಷನ್ನಿನ ಪಟ್ಟಿ ಬೆಲೆ ವರ್ಷಕ್ಕೆ 5,850 ಡಾಲರ್ ಇತ್ತು. ಅದು ನಿನಗೆ ಬೇಕಾಗದೇ ಇರಲಿ.

ಎಡವುವುದು ಡಿಡಕ್ಟಿಬಲ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ನಾವೇ ಕೊಡಬೇಕಾದ ಮೊತ್ತದಲ್ಲಿ. ಕೆಲವು ಪ್ಲಾನ್‌ಗಳಲ್ಲಿ ಅಷ್ಟು ದುಡ್ಡು ನಾವು ಖರ್ಚು ಮಾಡುವ ತನಕ ಔಷಧಿಗೂ ಪೂರ್ತಿ ಬೆಲೆ ಕೊಡಬೇಕು.

ನಾನು ನ್ಯೂಜೆರ್ಸಿಯ ಎಡಿಸನ್‌ಗೆ ಬಂದಿದ್ದು 2009ರಲ್ಲಿ. ಅಪ್ಪನಿಗೆ 52ಕ್ಕೇ ಸ್ಟೆಂಟ್ ಹಾಕಿದ್ದರು, ಬೆಂಗಳೂರಿನ ಜಯದೇವದಲ್ಲಿ. ಹಾಗಾಗಿ ನನಗೂ ಮಾತ್ರೆ ಶುರುವಾಗಿತ್ತು. ಇಲ್ಲಿನ ಡಾಕ್ಟರು ಬ್ರ್ಯಾಂಡ್ ಮಾತ್ರೆ ಬರೆದರು. ಫಾರ್ಮಸಿಯಲ್ಲಿ ನೂರು ಡಾಲರ್‌ಗೂ ಮೇಲೆ ಅಂದರು. ಆಗಿನ ಲೆಕ್ಕಕ್ಕೆ ಸುಮಾರು 5 ಸಾವಿರ ರೂಪಾಯಿ! ಹಾಸನದಲ್ಲಾದರೆ ಮೆಡಿಕಲ್ ಸ್ಟೋರಿನವರನ್ನೇ ಕೇಳುತ್ತಿದ್ದೆ, ಬೇರೆ ಕಂಪನಿದು ಕೊಡಿ ಅಂತ. ಇಲ್ಲಿ ಹಿಂದೆ ಜನ ನಿಂತಿದ್ದರು. ನನ್ನ ಇಂಗ್ಲಿಷ್ ಬಗ್ಗೆ ನನಗೇ ನಾಚಿಕೆ. ಆಮೇಲೆ ಬರುತ್ತೇನೆ ಅಂತ ಹೇಳಿ ಬಂದುಬಿಟ್ಟೆ.

ಏಳು ತಿಂಗಳು ಮಾತ್ರೆ ತೆಗೆದುಕೊಳ್ಳಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ ಕೇಳುತ್ತಿದ್ದರು, "ಮಗಾ, ಮಾತ್ರೆ ತಗೋತಿದ್ದೀಯಾ?" ಹೂಂ ಅಂತಿದ್ದೆ.

ಆಮೇಲೆ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರಿರುವುದು ಗೊತ್ತಾಯಿತು. ಡಾಕ್ಟರಿಗೆ ನಿಜ ಹೇಳಿದೆ. ಅವರು ಎರಡು ನಿಮಿಷದಲ್ಲಿ ಸಿಮ್ವಾಸ್ಟಾಟಿನ್ ಅನ್ನುವ ಅದೇ ಥರದ ಮಾತ್ರೆಯ ಜೆನೆರಿಕ್ ಬರೆದುಕೊಟ್ಟರು. ಅದು 2006ರಿಂದಲೇ ಇತ್ತಂತೆ! ಮೊದಲ ದಿನವೇ ಬಾಯಿ ಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು ಅಲ್ವಾ?

ಅದಕ್ಕೇ, ಜೆನೆರಿಕ್ ಬರೆಯಿರಿ ಅಂತ ಡಾಕ್ಟರಿಗೆ ಮೊದಲೇ ಹೇಳು. ಕೌಂಟರಿನಲ್ಲಿ, "ಇನ್ಶೂರೆನ್ಸ್ ಹಾಕದೆ ಕೊಂಡರೆ ಎಷ್ಟು?" ಅಂತಲೂ ಕೇಳು. ಕೆಲವು ಸಲ ಕೋಪೇಗಿಂತ ಕಡಿಮೆ ಬರುತ್ತದೆ. ಮುಂಚೆ ಇದನ್ನು ಗಿರಾಕಿಗೆ ಹೇಳದ ಹಾಗೆ ಕೆಲವು ಕರಾರುಗಳು ಫಾರ್ಮಸಿಸ್ಟ್‌ಗಳ ಬಾಯಿ ಕಟ್ಟಿದ್ದವು. 2018ರ ಕಾನೂನು ಅದನ್ನು ತೆಗೆದುಹಾಕಿತು. ಆದರೆ ಹಾಗೆ ಕೊಟ್ಟ ದುಡ್ಡು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ, ನೆನಪಿರಲಿ. 90 ದಿನದ್ದು ಒಟ್ಟಿಗೆ ತೆಗೆದುಕೊಂಡರೆ ಇನ್ನೂ ಉಳಿಯಬಹುದು.

ಊರಿಂದ ಪಾರ್ಸೆಲ್ ಬೇಡ. ಹೋಗಿ ಬರುವಾಗ ಮೂರು ತಿಂಗಳಿಗಾಗುವಷ್ಟು, ಡಾಕ್ಟರ ಚೀಟಿ ಸಮೇತ ತಂದರೆ ಸಾಕು.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆ ಏಳು ತಿಂಗಳ ವಿಷಯ ಅವರಿಗೆ ಹೇಳಲೇ ಇಲ್ಲ. ಸೋಮವಾರ ಫಾರ್ಮಸಿಗೆ ಹೋಗಿ ಬಾ. ಎಷ್ಟು ಅಂದರು ಅಂತ ನನಗೂ ತಿಳಿಸು. ಮನೆಯಲ್ಲಿ ಕೇಳಿದರೆ ಇದ್ದದ್ದೇ ಹೇಳು.