ಈ ಚೀಸ್ ಇಷ್ಟೊಂದು ನಾರುತ್ತಲ್ಲ, ತಿನ್ನಬಹುದಾ?

ಪ್ರಶ್ನೆ: ಸರ್, ಎಪ್ವಾಸ್ ಅನ್ನೋ ಫ್ರೆಂಚ್ ಚೀಸ್ ಗಿಫ್ಟ್ ಬಂದಿದೆ. ಡಬ್ಬಿ ತೆಗೆದ್ರೆ ಬೆವರಿದ ಸಾಕ್ಸ್ ವಾಸನೆ, ಮೇಲೆ ಕಿತ್ತಳೆ ಬಣ್ಣದ ಅಂಟಂಟು ಸಿಪ್ಪೆ. ಕೆಟ್ಟೋಗಿದೆಯಾ? ಇದನ್ನ ಹೇಗೆ ಮಾಡ್ತಾರೆ, ಹೇಗೆ ತಿನ್ನೋದು?

ಉತ್ತರ: ದಯವಿಟ್ಟು ಬಿಸಾಕಬೇಡಿ, ಅದು ಇರಬೇಕಾದ ಹಾಗೇ ಇದೆ. ಎಪ್ವಾಸ್, ಮನ್‌ಸ್ಟರ್, ಲಿವಾರೊ, ಇಟಲಿಯ ತಾಲೆಜ್ಜೊ, ಲಿಂಬರ್ಗರ್ ಇವೆಲ್ಲಾ ಸಿಪ್ಪೆ ತೊಳೆದು ಹಣ್ಣಾಗಿಸೋ ಚೀಸ್‌ಗಳು, ವಾಸನೆ ಬರೋದೇ ಆ ತೊಳೆಯೋ ಕೆಲಸದಿಂದ.

ಹಾಲು ಹೆಪ್ಪಾದ ಮೇಲೆ ಅಚ್ಚಿಗೆ ಹಾಕಿ, ನೀರು ಬಸಿದು, ಉಪ್ಪು ಹಚ್ಚಿ, ತಂಪಾದ ತುಂಬಾ ತೇವ ಇರೋ ಕೋಣೇಲಿ ಇಡ್ತಾರೆ. ಮೊದಲು ಯೀಸ್ಟ್‌ಗಳು ಮೇಲ್ಮೈಲಿರೋ ಹುಳಿ ತಿಂದು ಕಡಿಮೆ ಮಾಡ್ತವೆ, ಯಾಕಂದ್ರೆ ಮುಂದೆ ಬರಬೇಕಾದ ಬ್ರೆವಿಬ್ಯಾಕ್ಟೀರಿಯಂ ಲೈನೆನ್ಸ್ ಅನ್ನೋ ಬ್ಯಾಕ್ಟೀರಿಯಾಗೆ ಉಪ್ಪು ತಡೆಯೋ ಶಕ್ತಿ ಇದೆ, ಆದ್ರೆ ಹುಳಿ ತಡೆಯೋಕಾಗಲ್ಲ. ಆಮೇಲೆ ವಾರಕ್ಕೆ ಕೆಲವು ಸಲ ಉಪ್ಪುನೀರಲ್ಲಿ ಉಜ್ಜಿ ಒರೆಸ್ತಾರೆ, ಬೂಷ್ಟು ಬೆಳೆಯೋಕೆ ಬಿಡಲ್ಲ, ಈ ಬ್ಯಾಕ್ಟೀರಿಯಾ ಸಿಪ್ಪೆ ಪೂರ್ತಿ ಹರಡುತ್ತೆ, ಕಿತ್ತಳೆ ಬಣ್ಣ ಅದರದ್ದೇ. ಎಪ್ವಾಸ್‌ಗೆ ಕೊನೆಕೊನೇಲಿ ನೀರಿಗೆ ಫ್ರಾನ್ಸ್‌ನ ಬರ್ಗಂಡಿ ಪ್ರದೇಶದ ಮಾರ್ ಅನ್ನೋ ದ್ರಾಕ್ಷಿ ಹಿಪ್ಪೆಯ ಬ್ರಾಂಡಿ ಸೇರಿಸ್ತಾರೆ, ಕನಿಷ್ಠ 4 ವಾರ ಹಣ್ಣಾಗಬೇಕು. ಎರಡನೇ ಮಹಾಯುದ್ಧದ ನಂತರ ಈ ಚೀಸ್ ಹೆಚ್ಚುಕಮ್ಮಿ ಮರೆತೇ ಹೋಗಿತ್ತು, 1956ರಲ್ಲಿ ರೋಬೇರ್ ಬೆರ್ತೊ, ಸಿಮೋನ್ ಬೆರ್ತೊ ದಂಪತಿ ಮತ್ತೆ ಶುರುಮಾಡಿದ್ರಿಂದಲೇ ಇವತ್ತು ನಿಮ್ಮ ಕೈಗೆ ಬಂದಿರೋದು, ಅದಕ್ಕೇ ನಂಗೆ ಈ ಚೀಸ್ ಮೇಲೆ ಒಂದು ಕೈ ಜಾಸ್ತಿ ಪ್ರೀತಿ.

ಸಾಕ್ಸ್ ವಾಸನೆ ಅಂದ್ರಲ್ಲ, ಸರಿಯಾಗೇ ಗುರುತಿಸಿದ್ದೀರಿ. ಇದೇ ಬ್ಯಾಕ್ಟೀರಿಯಾದ ಸಂಬಂಧಿಗಳು ನಮ್ಮ ಕಾಲಿನ ಚರ್ಮದ ಮೇಲೂ ಇರ್ತವೆ, ಎರಡೂ ಕಡೆ ಪ್ರೋಟೀನ್ ಒಡೆದಾಗ ಗಂಧಕ ಇರೋ ಅನಿಲಗಳು ಹೊರಡ್ತವೆ. ಆದ್ರೆ ವಾಸನೆ ಹೆಚ್ಚಾಗಿರೋದು ಸಿಪ್ಪೆಯಲ್ಲಿ, ಒಳಗಿನ ತಿರುಳು ಬೆಣ್ಣೆ ಥರ ಮೆತ್ತಗೆ, ಉಪ್ಪುಪ್ಪಾಗಿ, ಸ್ವಲ್ಪ ಸಿಹಿಯಾಗೂ ಇರುತ್ತೆ, ಮೂಗು ಹೇಳಿದ್ದನ್ನ ನಾಲಿಗೆ ಒಪ್ಪಲ್ಲ. ಹಣ್ಣಾಗೋದು ಹೊರಗಿಂದ ಒಳಗೆ, ಹಾಗಾಗಿ ನಡುವೆ ಸುಣ್ಣದಂಥ ಬಿಳಿ ಗಟ್ಟಿ ಭಾಗ ಕಂಡ್ರೆ ಇನ್ನೂ ಎಳೇದು ಅಂತ.

ಕೆಟ್ಟಿದೆಯಾ ಅಂತ ನೋಡೋಕೆ ಡಬ್ಬಿ ತೆಗೆದು ಸ್ವಲ್ಪ ಹೊತ್ತು ಗಾಳಿಗಿಡಿ. ಅಮೋನಿಯಾ ಘಾಟು ಇಳಿದ್ರೆ ತೊಂದ್ರೆ ಇಲ್ಲ, ಕಣ್ಣಲ್ಲಿ ನೀರು ಬರೋಷ್ಟು ಉಳಿದ್ರೆ, ಬಾಯಲ್ಲಿ ಕಹಿ ಕಚ್ಚಿದ್ರೆ ಅತಿಯಾಗಿ ಹಣ್ಣಾಗಿದೆ, ಬೇಡ.

ತಿನ್ನೋ ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ತೆಗೀರಿ, ತಣ್ಣಗಿದ್ರೆ ರುಚಿ ಮುಚ್ಚಿಹೋಗುತ್ತೆ. ಎಪ್ವಾಸ್ ಪೂರ್ತಿ ಹಣ್ಣಾಗಿದ್ರೆ ಚಮಚದಲ್ಲೇ ತಿನ್ನಬಹುದು. ಸಿಪ್ಪೆ ತಿನ್ನಬಹುದು, ಸಾರ ಎಲ್ಲಾ ಅದರಲ್ಲೇ ಇದೆ, ಮೊದಲ ಸಲ ಜಾಸ್ತಿ ಅನ್ನಿಸಿದ್ರೆ ಬಿಟ್ಟು ತಿರುಳು ಮಾತ್ರ ತಿನ್ನಿ. ಜೊತೆಗೆ ಗಟ್ಟಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮನ್‌ಸ್ಟರ್ ಆದ್ರೆ ಮೇಲೆ ಒಂಚೂರು ಜೀರಿಗೆ, ಲಿಂಬರ್ಗರ್ ಆದ್ರೆ ರೈ ಬ್ರೆಡ್ಡು ಹಸಿ ಈರುಳ್ಳಿ. ಉಳಿದಿದ್ದನ್ನ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಅಮೋನಿಯಾ ಒಳಗೇ ನಿಲ್ಲುತ್ತೆ, ಕಾಗದದಲ್ಲಿ ಸುತ್ತಿ ಡಬ್ಬೀಲಿಟ್ಟು ಬೇಗ ಮುಗಿಸಿ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಮನೇಲಿ ಬಸುರಿಯರು, ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಇದ್ರೆ ಅವರಿಗೆ ಕೊಡಬೇಡಿ. ಒದ್ದೆ, ಹುಳಿ ಇಲ್ಲದ ಈ ಸಿಪ್ಪೆ ಲಿಸ್ಟೀರಿಯಾ ಅನ್ನೋ ರೋಗ ತರೋ ಬ್ಯಾಕ್ಟೀರಿಯಾ ಬೆಳೆಯೋಕೂ ಒಳ್ಳೇ ಜಾಗ, ಹಾಲು ಪಾಶ್ಚರೀಕರಿಸಿದ್ರೂ ತೊಳೆಯೋ ಹಂತದಲ್ಲಿ ಅದು ಸೇರಿಕೊಳ್ಳಬಹುದು.