ದಾವಣಗೆರೆಯಲ್ಲಿ ಕೂತು ಹಳೇ ಪಿನ್‌ಬಾಲ್ ಮಷೀನ್‌ಗಳನ್ನು ಪಿಸಿಯಲ್ಲಿ ಆಡೋದು ಹೇಗೆ? ಚೆಂಡನ್ನು ಹೊಡೆಯೋ ಫ್ಲಿಪ್ಪರ್ ತಡವಾಗಿ ಏಳೋದು ಯಾಕೆ?

ದುಡ್ಡು ಕೊಟ್ಟು ಸಲೀಸಾಗಿ ಆಡಬೇಕಾದರೆ ಪಿನ್‌ಬಾಲ್ ಎಫ್‌ಎಕ್ಸ್. ಪಿನ್‌ಬಾಲ್ ಮಷೀನ್ ತಯಾರಿಸುತ್ತಿದ್ದ ವಿಲಿಯಮ್ಸ್ ಕಂಪನಿಯ ಅಸಲಿ ಟೇಬಲ್‌ಗಳು (ಅಂದರೆ ಮಷೀನ್‌ಗಳು) ಅದರಲ್ಲಿವೆ. ಪುಕ್ಕಟೆ ಬೇಕಾದರೆ ವಿಂಡೋಸ್‌ಗೆ ವಿಷುಯಲ್ ಪಿನ್‌ಬಾಲ್. ಜೊತೆಗೆ ವಿಪಿನ್‌ಮೇಮ್ ಹಾಕಿದರೆ ಮೂಲ ಮಷೀನಿನ ಚಿಪ್‌ನಲ್ಲಿದ್ದ ಪ್ರೋಗ್ರಾಮೇ ಓಡುತ್ತದೆ, ಸ್ಕೋರು, ಸದ್ದು ಎಲ್ಲ ಅದರದ್ದೇ. ಆ ಪ್ರೋಗ್ರಾಮಿನ ನಕಲಿಗೆ ರಾಮ್ (ROM) ಅಂತಾರೆ. ಅದರ ಜಿಪ್ ಫೈಲನ್ನು ಬಿಚ್ಚಬೇಡಿ, ಹಾಗೇ ವಿಪಿನ್‌ಮೇಮ್‌ನ ರಾಮ್ಸ್ (roms) ಫೋಲ್ಡರಿಗೆ ಹಾಕಿ. ಹೆಸರು ಬದಲಿಸಿದರೆ ಟೇಬಲ್ ಶುರುವೇ ಆಗಲ್ಲ.

ಪಿಸಿಯನ್ನು ಟಿವಿಗೆ ಜೋಡಿಸಿ ಆಡುವಾಗ ಫ್ಲಿಪ್ಪರ್ ತಡವಾದರೆ ಬಹುಪಾಲು ತಪ್ಪು ಟಿವಿಯದ್ದು. ಚಿತ್ರ ತಿದ್ದಿ ತೋರಿಸಲು ಅದು ಸಮಯ ನುಂಗುತ್ತದೆ. ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್, ಎರಡು ಮೂರು ಫ್ರೇಮ್ ಹಿಂದೆ ಬಿದ್ದರೆ ಚೆಂಡು ಫ್ಲಿಪ್ಪರಿನ ತುದಿ ದಾಟಿ ಕೆಳಗಿನ ಕಂಡಿಗೆ ಬಿದ್ದುಹೋಗುತ್ತದೆ. ಆಟದ ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆಫ್ ಮಾಡಿಯೂ ನೋಡಿ.

ವಿಷುಯಲ್ ಪಿನ್‌ಬಾಲ್‌ನಲ್ಲಿ ಎರಡೂ ಶಿಫ್ಟ್ ಕೀಗಳೇ ಫ್ಲಿಪ್ಪರ್, ಎಂಟರ್ ಚೆಂಡನ್ನು ಚಿಮ್ಮಿಸುವ ಪ್ಲಂಜರ್, 5 ಒತ್ತಿದರೆ ನಾಣ್ಯ, 1 ಒತ್ತಿದರೆ ಆಟ ಶುರು. ಆದರೆ ಶಿಫ್ಟ್ ಐದು ಸಲ ಒತ್ತಿದೊಡನೆ ವಿಂಡೋಸ್‌ನ ಸ್ಟಿಕಿ ಕೀಸ್ ಕಿಟಕಿ ತೆರೆದು ಆಟ ಕೆಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದರ ಶಾರ್ಟ್‌ಕಟ್ ಮೊದಲೇ ತೆಗೆದುಬಿಡಿ.

ಏಪ್ರಿಲ್ ಮಧ್ಯಾಹ್ನದ ನಮ್ಮೂರ ಸೆಕೆಗೆ ಲ್ಯಾಪ್‌ಟಾಪ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಚೆಂಡು ತಡೆತಡೆದು ಉರುಳಿದರೆ ಸಾಫ್ಟ್‌ವೇರನ್ನು ಬೈಯಬೇಡಿ, ಫ್ಯಾನಿನ ಧೂಳು ತೆಗೆಸಿ.